ಮಾಳಿಗೆಯ ಮೇಲಿನ ಸೀರೆ

ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನಾನು ಮೊದಲು ಕೆಡಿಸಿದ್ದು ಒಂದು ಚಾಪೆ ತುಂಬ ಸಂಡಿಗೆಯನ್ನು. ಅಂಗಳದಲ್ಲಿ ಎಳೆಬಿಸಿಲು ಹರಡಿತ್ತು. ಸುತ್ತ ನೋಡಿದೆ. ಮರವಿಲ್ಲ, ಎತ್ತರದ ಗೋಡೆಯಿಲ್ಲ, ತಲೆಯ ಮೇಲೆ ತೊಳೆದಿಟ್ಟಂಥ ಆಕಾಶ. ಧೈರ್ಯವಾಗಿ ಚಾಪೆ ಹಾಸಿ, ಸಂಡಿಗೆ ಹಾಕಿ ಒಳಗೆ ಹೋದೆ. ಅಡಿಗೆ ಮುಗಿಸಿ ಹೊರಗೆ ಬಂದರೆ ಚಾಪೆಯ ಮೇಲೆ ನೆರಳೊಂದು ಉದ್ದಕ್ಕೆ ಮಲಗಿತ್ತು. ಅಗಲವಾದ ಬುಡ, ನಡುವೆ ಕಮಾನಿನ ಕಿಟಕಿ, ತುದಿಯಲ್ಲಿ ಕಳಸ. ತಲೆಯೆತ್ತಿ ನೋಡಿದೆ. ಗೋಪುರ ಎಲ್ಲೂ ಇರಲಿಲ್ಲ.

ಅತ್ತೆ ಮಂದಾಕಿನಿಬಾಯಿ ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿ ನಕ್ಕರು. "ಗಂಟೀಮನಿ ನೆರಳವ್ವಾ ಅದು. ಕೆಡವಿ ಭಾಳ ವರ್ಷ ಆತು. ದಿನಾ ಈ ಹೊತ್ತಿಗೆ ಹಿಂಗ ಬಂದು ಹೋಗತದ. ಸಂಡಿಗಿ ಬಾವಿ ಕಡೆ ಹಾಕಬೇಕಿತ್ತು."

"ಕೆಡವಿದ ಮ್ಯಾಲೆ ನೆರಳು ಎಲ್ಲಿಂದ ಬಂತು ಅತ್ಯಾರ?"

"ಕೆಡವಿದ್ದು ಗ್ವಾಡಿ. ನೆರಳಿಗೆ ಯಾರು ಕೈ ಹಚ್ಚಿದ್ರು?"

ಅಷ್ಟೇ. ಇದಕ್ಕಿಂತ ಹೆಚ್ಚಿನ ವಿವರಣೆಯನ್ನು ಈ ಊರಿನಲ್ಲಿ ಯಾರೂ ಯಾರಿಗೂ ಕೊಟ್ಟದ್ದನ್ನು ನಾನು ಕೇಳಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಅತ್ತೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ, ಮಾವನವರಿಗೆ ಎಷ್ಟು ಬಿಸಿ ಚಹಾ ಬೇಕು ಎಂದು ಕಲಿತ ಹಾಗೆಯೇ ಯಾವ ಹೊತ್ತಿಗೆ ಯಾವ ಕಟ್ಟಡ ಎಲ್ಲಿ ಬರುತ್ತದೆ ಎಂದು ಕಲಿತುಕೊಂಡೆ.

ನಮ್ಮದು ಹಳೆಯ ವಿದ್ಯಾಪೀಠದ ಊರು. ಕರಿಕಲ್ಲಿನ ಸಭಾಮಂಟಪ, ಪಾರಿವಾಳಗಳು ತುಂಬಿದ ಪುಸ್ತಕ ಭಂಡಾರದ ಗುಮ್ಮಟ, ಹತ್ತಿದವರ ಕಾಲಿಗೆ ಸವೆದು ನಡುವೆ ಬಟ್ಟಲಿನಂತೆ ಕುಳಿಬಿದ್ದಿರುವ ಪರೀಕ್ಷಾ ಭವನದ ಮೆಟ್ಟಿಲು, ಇವೆಲ್ಲ ಇನ್ನೂ ಇವೆ. ಇಲ್ಲದವು ಇವಕ್ಕಿಂತ ಹೆಚ್ಚು. ಮೂಡಲ ಹೆಬ್ಬಾಗಿಲು ಬಿದ್ದು ಎಷ್ಟೋ ಕಾಲವಾಯಿತು. ಆದರೂ ಹೂ ಮಾರುವವರು ಅದರ ಕಮಾನಿನ ನೆರಳಿನಲ್ಲೇ ಸಾಲಾಗಿ ಕೂತಿರುತ್ತಾರೆ. ನೆರಳು ಸರಿದಂತೆ ಬುಟ್ಟಿಗಳೂ ಸರಿಯುತ್ತವೆ. ಬೆಳಿಗ್ಗೆ ಅಂಚೆಕಚೇರಿಯ ಮುಂದೆ ಮಲ್ಲಿಗೆ ಸಿಕ್ಕರೆ ಸಂಜೆ ಅದೇ ಮಲ್ಲಿಗೆಗೆ ಹಿಟ್ಟಿನ ಗಿರಣಿಯ ತನಕ ಹೋಗಬೇಕು. ನಕ್ಷತ್ರ ನೋಡುತ್ತಿದ್ದ ಗೋಪುರದ ನೆರಳಲ್ಲಿ ಪರೀಕ್ಷೆಗೆ ಹೋಗುವ ಹುಡುಗರು ಒಂದು ಗಳಿಗೆ ಕಣ್ಣುಮುಚ್ಚಿ ನಿಂತು ಹೋಗುತ್ತಾರೆ. ಬೇಸಿಗೆಯಲ್ಲಿ ನೆರಳಿನ ಮನೆಗಳವರು ಬೀಗುತ್ತಾರೆ. ಚಳಿಗಾಲದಲ್ಲಿ ಅವರೇ, ಇಲ್ಲದ ಕಟ್ಟಡಗಳು ನಮ್ಮ ಬಿಸಿಲು ತಿನ್ನುತ್ತವೆ ಎಂದು ಬೈಯುತ್ತಾರೆ. ಮೋಡ ಕವಿದ ದಿನ ಮಾತ್ರ ಎಲ್ಲವೂ ಮಾಯ. ಅಂಥ ದಿನ ಹೆಂಗಸರು ಬಾಗಿಲಿಗೆ ಬಂದು ಬೀದಿ ನೋಡಿ, "ಇವತ್ತ ಊರು ಸಣ್ಣದಾಗ್ಯದ ನೋಡು" ಎಂದು ಒಳಗೆ ಹೋಗುತ್ತಾರೆ.

ನೆರಳಿಗೆ ಒಂದು ಗುಣವಿತ್ತು. ಕೆಡವುವ ದಿನ ಕಟ್ಟಡದ ಮೇಲೆ ಏನಿರುತ್ತದೋ ಅದೂ ನೆರಳಿನ ಜೊತೆ ಉಳಿಯುತ್ತಿತ್ತು. ಅದಕ್ಕೇ ಯಾವುದಾದರೂ ಕಟ್ಟಡ ಹೋಗುತ್ತದೆ ಎಂದು ತಿಳಿದರೆ ಊರವರೆಲ್ಲ ಹಿಂದಿನ ದಿನ ತೋರಣ ಕಟ್ಟಿ, ಹೂವಿನ ಸರ ಇಳಿಬಿಟ್ಟು, ಮದುಮಗಳಂತೆ ಸಿಂಗರಿಸಿ ಕಳಿಸುತ್ತಿದ್ದರು. ಹಳೆಯ ವೈದ್ಯಶಾಲೆಯ ನೆರಳಲ್ಲಿ ಇವತ್ತಿಗೂ ಚೆಂಡುಹೂವಿನ ಮಾಲೆ ತೂಗುತ್ತದೆ. ಇನ್ನೊಂದು ಗುಣವೂ ಇತ್ತು. ಅದೇ ಜಾಗದಲ್ಲಿ ಹೊಸದೇನಾದರೂ ಎದ್ದರೆ, ಅದರ ನೆರಳು ಹಳೆಯ ನೆರಳನ್ನು ನುಂಗಿಬಿಡುತ್ತಿತ್ತು. ನುಂಗಿದ್ದು ಮತ್ತೆ ಬರುತ್ತಿರಲಿಲ್ಲ.

ನಮ್ಮ ಮನೆಯೆದುರು, ಓಣಿಯ ಆಚೆ, ಹಿಂದೆ ಹುಡುಗಿಯರ ವಸತಿಗೃಹವಿತ್ತು. ಎರಡಂತಸ್ತಿನ ಕಲ್ಲಿನ ಕಟ್ಟಡ. ನಾನು ಅದನ್ನು ನೋಡಿದವಳಲ್ಲ. ನನಗೆ ಗೊತ್ತಿದ್ದದ್ದು ಮುಳ್ಳುಕಂಟಿ ಬೆಳೆದ ಖಾಲಿ ಜಾಗ ಮತ್ತು ಆ ನೆರಳು. ಇಳಿಹೊತ್ತಿಗೆ ಅದು ಓಣಿ ದಾಟಿ ನಮ್ಮ ಕಟ್ಟೆಯವರೆಗೆ ಬರುತ್ತಿತ್ತು. ಗೋಡೆ ಬೆಳೆಸಿ ಕಿಟಕಿ ತೆರೆದು ಬರುವ ಮೊದಲೇ ಒಂದು ಸೀರೆ ಬರುತ್ತಿತ್ತು. ಮಾಳಿಗೆಯ ಮೇಲೆ ಹಗ್ಗ, ಹಗ್ಗದ ಮೇಲೆ ಒಣಹಾಕಿದ ಒಂದೇ ಒಂದು ಸೀರೆ. ವಸತಿಗೃಹ ಬಿರುಕು ಬಿಟ್ಟಿದೆ ಎಂದು ಹುಡುಗಿಯರನ್ನೆಲ್ಲ ಒಂದೇ ದಿನದಲ್ಲಿ ಊರಿಗೆ ಕಳಿಸಿ ಅವಸರದಲ್ಲಿ ಕೆಡವಿದರಂತೆ. ತೋರಣ ಕಟ್ಟುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಯಾರೋ ಮರೆತ ಸೀರೆಯೊಂದೇ ಉಳಿಯಿತು. ಓಣಿಯಲ್ಲಿ ಎಲೆ ಅಲುಗದ ದಿನವೂ ಅದು ಆವತ್ತಿನ ಗಾಳಿಗೆ ಪಟಪಟಿಸುತ್ತಿತ್ತು.

ಆ ಸೀರೆ ನಮ್ಮ ಅತ್ತೆಯದು. ಹಾಗೆಂದು ಅವರು ಹೇಳುತ್ತಿದ್ದರು.

ಎರಡನೇ ವರ್ಷದ ಓದಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವರಪ್ಪ ವಸತಿಗೃಹಕ್ಕೆ ಬಂದು, ಒಂದು ತಾಸಿನ ಕೆಲಸವಿದೆ ಬಾ ಎಂದು ಕರೆದರಂತೆ. ಒಗೆದ ಸೀರೆಯನ್ನು ಆಗಷ್ಟೇ ಹಗ್ಗದ ಮೇಲೆ ಹರವಿ ಇಳಿದು ಬಂದಿದ್ದರು. ಆ ಒಂದು ತಾಸು ಮದುವೆಯಲ್ಲಿ ಮುಗಿಯಿತು. ಕೊಟ್ಟ ಮನೆಯೂ ದೂರದ್ದಲ್ಲ, ಓಣಿಯ ಈಚೆಯ ಇದೇ ಮನೆ. ಅಟ್ಟದ ಕಿಟಕಿಯಿಂದ ನೋಡಿದರೆ ಮಾಳಿಗೆಯ ಹಗ್ಗ ಕಾಣುತ್ತಿತ್ತು, ಸೀರೆಯೂ ಕಾಣುತ್ತಿತ್ತು. ಹೋಗಿ ತರಲೇ ಎಂದು ಕೇಳಿದ್ದಕ್ಕೆ ಅವರತ್ತೆ, "ಈ ಮನ್ಯಾಗ ಸೀರೀಗೇನು ಬರಗಾಲ ಬಂದಿಲ್ಲ" ಎಂದರಂತೆ. ಅದೇ ವಾರ ಕಟ್ಟಡ ಹೋಯಿತು. ಓದೂ ಹೋಯಿತು. ವಿದ್ಯಾಪೀಠದ ಗಡಿಯಾರದ ಸದ್ದು ಅಡಿಗೆಮನೆಗೆ ಕೇಳುವ ದೂರದಲ್ಲಿ ಇದ್ದುಕೊಂಡೂ ಅತ್ತೆ ಆಮೇಲೆ ಅದರೊಳಗೆ ಕಾಲಿಡಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುವುದು ನಮ್ಮಿಬ್ಬರ ಕೆಲಸ. ಅತ್ತೆ ಪ್ರತಿ ಸೀರೆಯನ್ನೂ ಹಗ್ಗದಿಂದ ಎಳೆದು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಕೈಗೆ ತಿಳಿಯದ ಹಸಿ ಕೆನ್ನೆಗೆ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು, ಜಗ್ಗಿ ಕೊಡವಿ, ಮಡಚುತ್ತ ಮಡಚುತ್ತ ಎದುರುಬದುರು ನಡೆದು ಬಂದು ಸೇರುತ್ತಿದ್ದೆವು. ನನ್ನ ತುದಿಯನ್ನು ಅವರ ಬೆರಳಿಗೆ ದಾಟಿಸುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದೆಂದರೆ ಹೆಚ್ಚಾಗಿ ಹೀಗೆಯೇ. ಮಡಿಕೆ ಮುಗಿದ ಮೇಲೆ ಅತ್ತೆ ಕಟ್ಟೆಯ ಮೇಲೆ ಕೂತು ಓಣಿಯಲ್ಲಿ ಹಾರಾಡುವ ಆ ನೆರಳನ್ನು ನೋಡುತ್ತ, "ಇನ್ನೂ ಹಸೀನ ಅದ" ಎನ್ನುತ್ತಿದ್ದರು. "ನೋಡು, ಎಷ್ಟು ಭಾರ ತೂಗಲಿಕತ್ತದ. ಸೆರಗಿನ್ಯಾಗ ನೀರು ಹಾಂಗೇ ಅದ."

"ನಂದೈತಿ ಅದು, ನಾ ಹೇಳಬೇಕು ಹಸಿ ಐತೋ ಒಣಗೈತೋ" ಎಂದು ಪಕ್ಕದ ಕಟ್ಟೆಯಿಂದ ಮಾತು ಬರುತ್ತಿತ್ತು. ಅದು ಹೊಲಿಗೆ ಕ್ಲಾಸಿನ ಗೌರಕ್ಕನದು. ಅವರೂ ಅದೇ ವಸತಿಗೃಹದಲ್ಲಿದ್ದವರು. ಖಾಲಿ ಮಾಡಿಸಿದ ದಿನ ಟ್ರಂಕು ಹೊತ್ತು ಊರಿಗೆ ಹೋದವರನ್ನು ಅಣ್ಣ ಮತ್ತೆ ಕಳಿಸಲಿಲ್ಲ. ವರ್ಷಗಳಾದ ಮೇಲೆ ಒಂದು ಹೊಲಿಗೆ ಮಷಿನಿನ ಜೊತೆ ಈ ಓಣಿಗೆ ಬಂದು ಮನೆ ಹಿಡಿದರು.

"ನಿಂದು ಹೆಂಗಾತು? ಜಾಂಬಳೀ ಬಣ್ಣದ ಸೀರಿ ಅದು. ನಮ್ಮವ್ವ ತಂದಿದ್ದು" ಎನ್ನುತ್ತಿದ್ದರು ಅತ್ತೆ.

"ನೆರಳಿನ್ಯಾಗ ಜಾಂಬಳಿ ಕಾಣತೈತೇನು ನಿನಗ? ಬಿಳೀದು, ಹಸರ ದಡಿ. ಕೆಳಗಿನ ಅಂಚು ಹೆಂಗ ನೆಟ್ಟಗ ನಿಂತೈತಿ ನೋಡು. ಫಾಲ್ ಹಚ್ಚಿದ್ದೆ ನಾನು."

"ಆ ಕಾಲಕ್ಕ ಫಾಲ್ ಯಾರು ಹಚ್ಚತಿದ್ರು?"

"ಹೊಲಿಗಿ ಬರೋರು ಹಚ್ಚತಿದ್ರು!"

ಇವರಿಬ್ಬರೇ ಅಲ್ಲ, ಅದು ತನ್ನದೆಂದು ಹೇಳುವ ಹೆಂಗಸರು ಊರ ತುಂಬ ಇದ್ದರು. ಆವತ್ತು ಮನೆಗೆ ಹೋಗಿ ಮರಳಿ ಬರದೇ ಉಳಿದ ಹುಡುಗಿಯರೆಲ್ಲ ಏನಾದರೂ ಒಂದನ್ನು ಅಲ್ಲಿ ಬಿಟ್ಟುಬಂದವರೇ. ಆದರೆ ದಿನಾ ಜಗಳವಾಡುತ್ತಿದ್ದವರು ಇವರಿಬ್ಬರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಂಜಿ ಕಳಿಸುತ್ತಿದ್ದರು, ಗಂಜಿಯ ಜೊತೆ ಹಸಿರು ದಡಿಯ ಮಾತನ್ನೂ ಕಳಿಸುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಮುಳ್ಳುಕಂಟಿ ಕಡಿಯುವವರು ಬಂದರು. ಹುಡುಗಿಯರಿಗಾಗಿ ಅದೇ ಜಾಗದಲ್ಲಿ ಹೊಸ ವಸತಿಗೃಹ ಕಟ್ಟುತ್ತಾರೆ ಎಂದು ಸುದ್ದಿ ಹೇಳಿದವರು ನಮ್ಮ ಮನೆಯವರು. ಅತ್ತೆ ಊಟಕ್ಕೆ ಕೂತಿದ್ದರು. "ಒಳ್ಳೇದಾತು" ಎಂದರು. ನಿಜವಾಗಿ ಅವರಿಗೆ ಖುಷಿಯಾಗಿತ್ತು. ಎಷ್ಟು ಕೋಣೆ, ಗ್ರಂಥಾಲಯ ಉಂಟೋ ಇಲ್ಲವೋ ಎಂದೆಲ್ಲ ವಿಚಾರಿಸಿದರು. ಕೈತೊಳೆದು ಬಂದ ಮೇಲೆ ನನ್ನನ್ನು ಹಿತ್ತಲಿಗೆ ಕರೆದರು.

"ಇಂದೂ, ಆ ಸೀರಿ ತಗೀಬೇಕಲ್ಲವ್ವಾ."

ನಾನು ಸೆರಗಿಗೆ ಕೈ ಒರೆಸಿಕೊಂಡು ಅವರ ಕಡೆ ತಿರುಗಿದೆ.

"ನೆರಳು ಹೋದ್ರ ಹೋಗಲಿ. ಹೊಸಾ ಹುಡಿಗ್ಯಾರು ಬರತಾರ, ಅವರ ಸೀರಿ ಹಾರಾಡಲಿ. ಆದರ ಒಣಹಾಕಿದ್ದನ್ನ ತಗೀದಽ ಹೆಂಗ ಬಿಡಲಿ? ಹಾಕಿದಾಕಿನ ತಗೀಬೇಕು. ಒಂದು ತಾಸಂತ ಬಂದಾಕಿ ನಾನು."

ಅವರ ದನಿ ಏರಲಿಲ್ಲ, ಕಣ್ಣೂ ಒದ್ದೆಯಾಗಲಿಲ್ಲ. ನಾಳೆ ಹಾಲು ಹೆಚ್ಚಿಗೆ ತಗೋಬೇಕು ಎನ್ನುವ ಹಾಗೆ ಹೇಳಿದರು. ಅದಕ್ಕೇ ನನಗೆ ಆಗುವುದಿಲ್ಲ ಎನ್ನಲಾಗಲಿಲ್ಲ.

ನೆರಳನ್ನು ನುಂಗುವುದು ನೆರಳೇ ತಾನೆ, ಹಾಗಾದರೆ ಆ ಸೀರೆಯ ಮೇಲೆ ನಮ್ಮದೇ ಸೀರೆ ಹಾಕಿ ಎತ್ತಿಬಿಟ್ಟರೆ ಆಯಿತು ಎಂದುಕೊಂಡೆವು. ಮರುದಿನ ಇಳಿಹೊತ್ತಿಗೆ ನೆರಳು ಓಣಿಗೆ ಬಂದ ಕೂಡಲೆ ಅದರ ಮೇಲೆ ಸರಿಯಾಗಿ ಒಂದು ಸೀರೆ ಹಾಸಿದೆವು. ಅತ್ತೆ ಒಂದು ಕಡೆ ಬಗ್ಗಿದರೆ ನಾನೊಂದು ಕಡೆ. ನೆರಳಿನ ಸೀರೆ ಮೆಲ್ಲಗೆ ನಮ್ಮ ಸೀರೆಯ ಮೇಲೆ ಹತ್ತಿ ಕೂತು ಮೊದಲಿನ ಹಾಗೆಯೇ ಹಾರಾಡತೊಡಗಿತು. ನೆಲದ ಮೇಲಿದ್ದಾಗ ಮಣ್ಣುಬಣ್ಣವಿದ್ದದ್ದು ಈಗ ಹೂಬಳ್ಳಿಯ ಅಚ್ಚಿನ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಗೌರಕ್ಕ ಕಟ್ಟೆಯ ಮೇಲಿಂದ ಕೈತಟ್ಟಿ ನಕ್ಕರು. "ಶಾಣ್ಯಾಕಿ! ಕಳ್ಳನ್ನ ಹಿಡೀಲಿಕ್ಕೆ ಹೋಗಿ ಹಾಸಿಗಿ ಹಾಸಿ ಕೊಟ್ರಲ್ಲ!"

"ನೀ ಏನು ಮಾಡತಿದ್ದಿ ಹೇಳು?" ಅತ್ತೆ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತ ಕೇಳಿದರು.

"ಬಿಸಿಲಿಗೂ ನೆಲಕ್ಕೂ ನಡುವ ಹಿಡೀಬೇಕು, ನೆಲಕ್ಕ ಹಾಸಿದ್ರ ಏನು ಬಂತು?"

ಅದಕ್ಕೂ ಪ್ರಯತ್ನ ಮಾಡಿದೆವು. ನಮ್ಮ ಅಟ್ಟದಿಂದ ಬಿದಿರಿನ ಗಳು ಚಾಚಿ ಸೀರೆ ತೂಗಿಬಿಟ್ಟರೆ ಅದರ ನೆರಳು ನಮ್ಮ ಹಿತ್ತಲ ಕಡೆಗೆ ಬಿತ್ತು. ಗೌರಕ್ಕ ತಮ್ಮ ಮನೆಯ ಏಣಿ ಕೊಟ್ಟರು. ಓಣಿಯಲ್ಲಿ ನಿಲ್ಲಿಸಿ ಹತ್ತಿ ಹಿಡಿದರೆ ಕರವಸ್ತ್ರದಷ್ಟು ನೆರಳು ಏಣಿಯ ಬುಡದಲ್ಲೇ ಬಿದ್ದುಕೊಂಡಿತು. ಹಳೆಯ ಸೀರೆ ನಮ್ಮನ್ನು ಗಮನಿಸದೆ ತನ್ನ ಗಾಳಿಯಲ್ಲಿ ತಾನು ಆಡುತ್ತಿತ್ತು. ವಸತಿಗೃಹ ಇದ್ದ ಜಾಗದಲ್ಲೇ, ಅದರ ಮಾಳಿಗೆ ಇದ್ದ ಎತ್ತರದಲ್ಲೇ ಸೀರೆ ಹಿಡಿಯಬೇಕು. ಗಾಳಿಯಲ್ಲಿ ನಿಲ್ಲುವವರು ಯಾರು?

ಅಷ್ಟರಲ್ಲಿ ಅಡಿಪಾಯ ಎದ್ದಿತು. ಕಟ್ಟಡದ ಉಸ್ತುವಾರಿಗೆ ಬಂದವಳು ವಿನುತಾ ಎಂಬ ಎಂಜಿನಿಯರು, ತೆಂಕಣ ಸೀಮೆಯ ಹುಡುಗಿ. ಮೊದಲ ದಿನ ಜೀಪನ್ನು ನೆರಳಿನಲ್ಲಿ ನಿಲ್ಲಿಸಿ, ಕೆಳಗಿಳಿದು, ಯಾವ ಮರದ ನೆರಳು ಎಂದು ಮೇಲೆ ನೋಡಿದವಳು ಹಾಗೇ ಬಾಯಿ ತೆರೆದುಕೊಂಡು ನಿಂತಿದ್ದಳು. ನಾನು ನೀರು ಕೊಟ್ಟೆ. "ಏನಮ್ಮಾ ಇದು?" ಎಂದಳು. "ಹಳೇ ಹಾಸ್ಟೆಲ್ರಿ" ಎಂದೆ. ಒಂದು ವಾರದಲ್ಲಿ ಅವಳಿಗೂ ರೂಢಿಯಾಯಿತು. ಮಧ್ಯಾಹ್ನದ ಡಬ್ಬಿಯನ್ನು ನಮ್ಮ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದಳು. ಅತ್ತೆ ಅವಳಿಗೆ ದಿನಾ ಚಟ್ನಿಪುಡಿ ಹಾಕಿ, ಎಂಜಿನಿಯರ್ ಆಗಲು ಏನೇನು ಓದಬೇಕು ಎಂದು ಕೇಳುತ್ತಿದ್ದರು. ಅವಳು ಹೇಳುವುದನ್ನು ಮಗುವಿನಂತೆ ಕೂತು ಕೇಳುತ್ತಿದ್ದರು.

ಹೊಸ ಕಟ್ಟಡ ಕೆಳಗಿನಿಂದ ಎದ್ದಂತೆಲ್ಲ ಹಳೆಯ ನೆರಳು ಬುಡದಿಂದ ಸವೆಯುತ್ತ ಬಂತು. ಮೊದಲು ಮೆಟ್ಟಿಲು ಹೋಯಿತು, ಆಮೇಲೆ ಬಾಗಿಲು. ಕೆಳಗಿನ ಸಾಲಿನ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. "ಅದು ಊಟದ ಮನಿ ಕಿಟಕಿ" ಎಂದು ಅತ್ತೆ, "ನಮ್ಮ ಖೋಲಿ ಹೋತು ಇವತ್ತ" ಎಂದು ಗೌರಕ್ಕ. ಜಗಳ ಕಡಿಮೆಯಾಯಿತು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂರತೊಡಗಿದರು. ಆದರೆ ಅತ್ತೆಯ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಸಂಜೆ ಬಟ್ಟೆ ಮಡಚುವಾಗ ನಡುವೆಯೇ ನಿಂತುಬಿಡುತ್ತಿದ್ದರು, ನಾನು ನನ್ನ ತುದಿ ಹಿಡಿದು ಕಾಯುತ್ತಿದ್ದೆ.

ಒಂದು ದಿನ ನೋಡಿದರೆ ಕಟ್ಟಡದ ಸುತ್ತ ಕಟ್ಟಿದ ಬಿದಿರು ಮಾಳಿಗೆಯ ಎತ್ತರ ಮುಟ್ಟಿತ್ತು. ಬಿದಿರಿನ ನೆರಳು ಸಪೂರ. ಮೇಲಿನ ಹಗ್ಗವನ್ನೂ ಸೀರೆಯನ್ನೂ ಅದು ಗೆರೆಗೆರೆಯಾಗಿ ಕೊಯ್ದಿತ್ತೇ ಹೊರತು ನುಂಗಿರಲಿಲ್ಲ. ವಿನುತಾ ಡಬ್ಬಿ ತೆರೆಯುತ್ತ, "ನಾಳೆ ಬೆಳಿಗ್ಗೆಯಿಂದ ಮೇಲೆ ಹಲಗೆ ಹೊದಿಸ್ತೀವಿ, ಸೂರಿನ ಕೆಲಸ" ಎಂದಳು. ಅತ್ತೆಯ ಕೈಯಲ್ಲಿದ್ದ ಚಟ್ನಿಪುಡಿಯ ಚಮಚ ಅಲ್ಲೇ ನಿಂತಿತು.

ನಾನು ಹೇಳಿದೆ. ಸಂಡಿಗೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ವಿನುತಾ ಕೇಳಿಸಿಕೊಂಡು ಅತ್ತೆಯ ಮುಖ ನೋಡಿದಳು, ಓಣಿಯ ತುದಿಗೆ ಆಗಷ್ಟೇ ಇಣುಕುತ್ತಿದ್ದ ನೆರಳನ್ನು ನೋಡಿದಳು. "ಕೂಲಿಯವರನ್ನ ಹತ್ತಿಸಿ ಒಂದು ಸೀರೆ ಕಟ್ಟಿಸ್ತೀನಿ, ಅದೇನು ದೊಡ್ಡ ಕೆಲಸ" ಎಂದಳು.

"ಗಂಡಸರು ಬ್ಯಾಡ" ಎಂದರು ಅತ್ತೆ ಮತ್ತು ಗೌರಕ್ಕ, ಒಂದೇ ಬಾಯಲ್ಲಿ. "ಹುಡಿಗ್ಯಾರ ಮಾಳಿಗಿ ಅದು" ಎಂದು ಗೌರಕ್ಕ ಸೇರಿಸಿದರು.

"ಹಾಗಾದ್ರೆ ನಾನೇ ಹತ್ತುತೀನಿ."

"ನೀ ಹೊಸಾ ಮನಿಯಾಕಿ. ಹಳೀ ಮನೀ ಕೆಲಸ ನಿನಗ್ಯಾಕ?" ಅತ್ತೆ ನನ್ನ ಕಡೆ ತಿರುಗಿದರು. ಹಾಕಿದವಳೇ ತೆಗೆಯಬೇಕು, ಆದರೆ ಹಾಕಿದವಳ ಮೊಣಕಾಲು ಈಗ ನಮ್ಮ ಅಟ್ಟವನ್ನೂ ಹತ್ತುತ್ತಿರಲಿಲ್ಲ.

"ನಾ ಹೋಗತೀನಿ ಅತ್ಯಾರ" ಎಂದೆ.

ಯಾವ ಸೀರೆ ಎಂಬ ಮಾತು ಬಂತು. ಅತ್ತೆ ಒಳಗೆ ಹೋಗಿ ಅಂಥದೇ ನೇರಳೆ ಬಣ್ಣದ ಇನ್ನೊಂದು ಜಾಂಬಳಿ ಸೀರೆ ತಂದರು. ಗೌರಕ್ಕ ಓಡಿಹೋಗಿ ಹಸಿರು ದಡಿಯದೊಂದನ್ನು ತಂದರು. ಇಬ್ಬರೂ ಎದುರುಬದುರು ನಿಂತರು. ನೆರಳು ಓಣಿಯ ನಡುವಿಗೆ ಬರುತ್ತಿತ್ತು. ನನಗೆ ಸಿಟ್ಟು ಬಂತು. ಹಿತ್ತಲಿಗೆ ಹೋಗಿ ಬೆಳಿಗ್ಗೆ ಒಗೆದು ಹಾಕಿದ್ದ ನನ್ನ ಸೀರೆಯನ್ನು ಹಗ್ಗದಿಂದ ಎಳೆದು ತಂದೆ. ಮನೆಯಲ್ಲಿ ಉಡುವ ಮಾಸಲು ಹಳದಿ ಸೀರೆ. "ನೆರಳಿಗೆ ಬಣ್ಣ ಇಲ್ಲ" ಎಂದೆ. ಅತ್ತೆಯೆದುರು ನಾನು ಹಾಗೆ ಮಾತಾಡಿದವಳಲ್ಲ. ಇಬ್ಬರೂ ತಮ್ಮ ತಮ್ಮ ಸೀರೆಯನ್ನು ಸುಮ್ಮನೆ ಬಗಲಿಗೆ ಇಟ್ಟುಕೊಂಡರು.

ಉಟ್ಟ ಸೀರೆಯನ್ನು ಕಚ್ಚೆ ಹಾಕಿ, ಹಳದಿ ಸೀರೆಯನ್ನು ಹೆಗಲಿಗೆ ಸುತ್ತಿಕೊಂಡು ಹತ್ತಿದೆ. ವಿನುತಾ ಕೆಳಗಿನ ಬಿದಿರಿನವರೆಗೆ ಹಿಂದೆಯೇ ಬಂದು, "ಕೆಳಗೆ ನೋಡ್ಬೇಡಿ, ಕೈ ಬಿಡ್ಬೇಡಿ" ಎನ್ನುತ್ತಿದ್ದಳು. ಬಿದಿರಿಗೆ ಅಡ್ಡಕಟ್ಟಿದ ತುದಿಯ ಹಲಗೆಯ ಮೇಲೆ ಕಾಲೂರಿ ನಿಂತೆ. ಅಲ್ಲಿಂದ ಇಡೀ ಊರು ಕಂಡಿತು. ಗುಮ್ಮಟ, ಸಭಾಮಂಟಪದ ಕಂಬಸಾಲು, ಅವುಗಳ ನಡುನಡುವೆ ನೆಲದ ಮೇಲೆ ಒರಗಿಕೊಂಡ ಇಲ್ಲದ ಗೋಪುರಗಳು, ಇಲ್ಲದ ಬಾಗಿಲು, ಬಾಗಿಲ ಕೆಳಗೆ ಹೂವಿನ ಬುಟ್ಟಿಗಳು. ನಾನು ಹತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಷ್ಟು ವರ್ಷ ಈ ಊರಲ್ಲಿ ಇದ್ದು ಕಾಯಿಪಲ್ಯೆ ತರುವಾಗ ಹೊರಗೋಡೆಯ ಪಕ್ಕ ಹಾದುಹೋದದ್ದೇ ಹೊರತು ವಿದ್ಯಾಪೀಠ ನನ್ನದೆಂದು ಎಣಿಸಿರಲಿಲ್ಲ. ಈಗ ಅದರ ಹುಡುಗಿಯರ ಮಾಳಿಗೆಯ ಮೇಲೆ ನಿಂತಿದ್ದೆ.

ಕೆಳಗೆ ನೋಡಬಾರದೆಂದರೂ ನೋಡಿದೆ. ಓಣಿಯಲ್ಲಿ, ಹಾರಾಡುವ ಆ ಸೀರೆಯ ಪಕ್ಕದಲ್ಲಿ, ಒಬ್ಬ ಹೆಂಗಸಿನ ನೆರಳು, ನನ್ನದೇ, ಬಂದು ನಿಂತಿತ್ತು. ಅತ್ತೆ ಮತ್ತು ಗೌರಕ್ಕ ನನ್ನನ್ನು ನೋಡುತ್ತಿರಲಿಲ್ಲ, ಅದನ್ನು ನೋಡುತ್ತಿದ್ದರು. ಆ ಹಗ್ಗದ ಹತ್ತಿರ ಯಾರೂ ಬಂದಿರಲಿಲ್ಲ ಇಷ್ಟು ದಿನ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ನಾನು ಎರಡು ಬಿದಿರಿನ ನಡುವೆ ಸೀರೆಯನ್ನು ಹರವಿದೆ.

"ಎಡಕ್ಕ ಸರಿ!" ಗೌರಕ್ಕ ಕೂಗಿದರು.

"ಆಕೀ ಎಡಕ್ಕೋ ನಿನ್ನ ಎಡಕ್ಕೋ, ಸರಿಯಾಗಿ ಹೇಳು! ಇಂದೂ, ಗುಮ್ಮಟದ ಕಡೆ ಸರಿಯವ್ವಾ! ಇನ್ನೊಂದೀಟು! ಸಾಕು!"

"ಸೆರಗು ಇಳಿಬಿಡಾಕ ಹೇಳು ಆಕೀಗೆ. ಗಿಡ್ಡ ಆಗೈತಿ."

"ಹೇಳಲಿಕತ್ತೀನಲ್ಲ, ನೀ ಸುಮ್ಮನಿರು!"

ಸೆರಗು ಇಳಿಬಿಟ್ಟು ಎರಡೂ ತುದಿಯನ್ನು ಬಿದಿರಿಗೆ ಗಂಟುಹಾಕಿದೆ. ಕೆಳಗೆ ಎರಡು ಸೀರೆಗಳ ನೆರಳು ಒಂದರ ಮೇಲೊಂದು ಬಂದವು. ಆದರೆ ಒಂದಾಗಲಿಲ್ಲ. ನಮ್ಮ ದಿನದಲ್ಲಿ ಗಾಳಿಯೇ ಇರಲಿಲ್ಲ. ನನ್ನ ಸೀರೆ ಸುಮ್ಮನೆ ಜೋತುಬಿದ್ದಿತ್ತು, ಹಳೆಯದು ಅದರ ಅಂಚಿನಿಂದ ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಹಾರಿ ಹಾರಿ ಹೊರಬರುತ್ತಿತ್ತು. ಕಾದೆ. ಬಿದಿರು ಹಿಡಿದು ಹಿಡಿದು ತೋಳು ಸೋತವು. ಬಿಸಿಲು ಕೆಂಪಾಗತೊಡಗಿತು. ನೆರಳು ಓಣಿ ದಾಟಿ ನಮ್ಮ ಮನೆಯ ಗೋಡೆ ಹತ್ತಿತು. ವಿನುತಾ, "ಹೊತ್ತಾಯ್ತಮ್ಮಾ, ಇಳಿದುಬಿಡಿ" ಎಂದಳು. ನಾನು ಇಳಿಯಲಿಲ್ಲ. ಇಳಿದರೆ ಅತ್ತೆ ಏನೂ ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಏನೂ ಅನ್ನದೆ ಒಳಗೆ ಹೋಗಿ ದೀಪ ಹಚ್ಚುತ್ತಾರೆ. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಆಗ ಕೆರೆಯ ಕಡೆಯಿಂದ ಗಾಳಿ ಎದ್ದಿತು. ಮೊದಲು ನನ್ನ ಕುತ್ತಿಗೆಗೆ ತಾಗಿತು, ಆಮೇಲೆ ಸೀರೆ ಹೊಟ್ಟೆ ತುಂಬಿಕೊಂಡು ಮೇಲೆದ್ದಿತು. ಗೋಡೆಯ ಮೇಲೆ ಎರಡೂ ಉಬ್ಬಿದವು, ಎರಡೂ ಹಿಂದೆ ಸರಿದವು, ಮತ್ತೆ ಉಬ್ಬಿದವು. ಗಾಳಿ ನಿಂತಿತು. ನನ್ನ ಸೀರೆ ಇಳಿಯಿತು. ಗೋಡೆಯ ಮೇಲಿನದೂ ಇಳಿಯಿತು. ಅಂಚಿನಿಂದ ಯಾವುದೂ ಹೊರಗೆ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಇವತ್ತಿನ ಗಾಳಿಯ ಮಾತು ಕೇಳಿತ್ತು.

"ಈಗ ತಗಿ!" ಅತ್ತೆಯ ದನಿ ಒಡೆಯಿತು. "ಸಾವಕಾಶ ತಗಿಯವ್ವಾ, ಸಾವಕಾಶ."

ಒಂದು ತುದಿ ಬಿಡಿಸಿದೆ, ಇನ್ನೊಂದು ತುದಿ ಬಿಡಿಸಿದೆ, ತೋಳಿನ ಮೇಲೆ ಎಳೆದುಕೊಂಡೆ. ಗೋಡೆಯ ಮೇಲಿನ ಹೆಂಗಸೂ ಹಗ್ಗದಿಂದ ಸೀರೆ ಎಳೆದು ತೋಳಿನ ಮೇಲೆ ಹಾಕಿಕೊಂಡಳು. ಅವಳ ಪಕ್ಕದಲ್ಲಿ ಖಾಲಿ ಹಗ್ಗವೊಂದು ಉಳಿದು, ಈಗಷ್ಟೇ ಬಟ್ಟೆ ತೆಗೆದ ಹಗ್ಗ ಅಲುಗುವ ಹಾಗೆ ಸ್ವಲ್ಪ ಹೊತ್ತು ಅಲುಗಿ ನಿಂತಿತು.

ನಾನು ಇಳಿದು ಬಂದೆ. ಅತ್ತೆ ಓಣಿಯ ನಡುವೆ ಕೈಚಾಚಿ ನಿಂತಿದ್ದರು. ಸೀರೆ ಕೊಟ್ಟೆ. ಎಂದಿನಂತೆ ಮಡಚಲು ನನ್ನ ತುದಿ ಹಿಡಿದುಕೊಂಡೆ. ಅತ್ತೆ ತಮ್ಮ ತುದಿ ಹಿಡಿದವರು ನನ್ನನ್ನು ದಾಟಿ ನೋಡಿದರು.

"ಗೌರಾ, ಬಾರೇ. ಸುಮ್ಮ ನಿಂತೀಯಲ್ಲ."

ನನ್ನ ಕೈಯಲ್ಲಿದ್ದ ತುದಿಯನ್ನು ಗೌರಕ್ಕನಿಗೆ ಕೊಟ್ಟೆ. ಸುಳ್ಳು ಹೇಳುವುದಿಲ್ಲ, ಕೊಡುವಾಗ ಒಂದು ಗಳಿಗೆ ಬೆರಳು ಬಿಗಿಯಾಯಿತು. ಅದು ನನ್ನ ಜಾಗವಾಗಿತ್ತು. ಆಮೇಲೆ ಕಟ್ಟೆಯ ಮೇಲೆ ವಿನುತಾಳ ಪಕ್ಕ ಕೂತೆ.

ಇಬ್ಬರೂ ಜಗ್ಗಿ ಕೊಡವಿದರು. ಅಗಲಕ್ಕೆ ಮಡಚಿದರು, ಮತ್ತೊಮ್ಮೆ ಮಡಚಿದರು. ಗೌರಕ್ಕ ಅಂಚನ್ನು ಬೆರಳಿನಿಂದ ಸವರಿ, "ಫಾಲ್ ಇಲ್ಲ ಇದಕ್ಕ" ಎಂದರು. "ಹಚ್ಚಿಕೊಡು" ಎಂದರು ಅತ್ತೆ. ನಿಧಾನವಾಗಿ ನಡೆದು ಬಂದರು, ಹಾಸ್ಟೆಲಿನ ಮಾಳಿಗೆಯ ಮೇಲೆ ಇಬ್ಬರು ಹುಡುಗಿಯರು ಸಂಜೆಗೆ ಬಟ್ಟೆ ಮಡಚುತ್ತ ನಡೆದು ಬರುವ ಹಾಗೆ. ಕೈಗಳು ಸೇರಿದವು.

"ತಗೋ, ನೀನಽ ಇಟ್ಕೋ" ಎಂದರು ಅತ್ತೆ.

"ನಾ ಎಲ್ಲಿ ಇಡಲಿ, ನಮ್ಮ ಟ್ರಂಕು ತುಂಬೇತಿ. ನಿನ್ನ ಹತ್ರಾನ ಇರಲಿ."

"ನಿಂದಂತಿದ್ದಿ."

"ಅಂತಿದ್ದೆ."

ಅತ್ತೆ ಆ ಮಡಿಕೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಬಿಸಿಲಿನ ಬಿಸಿ ಇನ್ನೂ ಅದರಲ್ಲಿತ್ತು. ನಾವೆಲ್ಲ ಅವರ ಬಾಯಿ ನೋಡುತ್ತಿದ್ದೆವು, ಕೆಲಸದವರೂ ಗಾರೆಬುಟ್ಟಿ ಕೆಳಗಿಟ್ಟು ನಿಂತಿದ್ದರು.

"ಒಣಗೇದ" ಎಂದರು ಅತ್ತೆ.

ಗೌರಕ್ಕ ತಾವೂ ಕೆನ್ನೆ ಬಾಗಿಸಿ ಇನ್ನೊಂದು ಬದಿಗೆ ಒತ್ತಿ ನೋಡಿದರು. "ಹೌದು" ಎಂದರು. "ಪೂರಾ ಒಣಗೇತಿ."